ಬಿಟ್ಟ ಮರಿ, ಹಿಡಿದ ಮೀನು: ಸರ್ಕಾರಿ ಮೀನುಮರಿ ಕೇಂದ್ರಗಳ ಆರ್ಥಿಕ ಲೆಕ್ಕ

ಸರ್ಕಾರದ ಹಣದಲ್ಲಿ ನಡೆಯುವ ಮೀನುಮರಿ ಉತ್ಪಾದನಾ ಕೇಂದ್ರಗಳ ಸಾಧನೆಯನ್ನು ಸಾಮಾನ್ಯವಾಗಿ ಆ ವರ್ಷ ಕೆರೆ, ನದಿ, ಜಲಾಶಯಗಳಿಗೆ ಬಿಟ್ಟ ಮರಿಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಲಕ್ಷಗಳಲ್ಲಿ, ಕೋಟಿಗಳಲ್ಲಿ ಇರುವ ಆ ಸಂಖ್ಯೆ ಕೇಂದ್ರದ ಸಿಬ್ಬಂದಿ ಎಷ್ಟು ದುಡಿದರು ಎಂಬುದನ್ನು ತಿಳಿಸುತ್ತದೆಯೇ ಹೊರತು, ಆ ದುಡಿಮೆಯಿಂದ ಸಮಾಜಕ್ಕೆ ದಕ್ಕಿದ್ದೇನು ಎಂಬುದನ್ನು ತಿಳಿಸುವುದಿಲ್ಲ. ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿದವು, ಬದುಕಿದವುಗಳಲ್ಲಿ ಎಷ್ಟು ಬಲೆಗೋ ಗಾಳಕ್ಕೋ ಸಿಕ್ಕವು, ಸಿಕ್ಕ ಒಂದೊಂದು ಮೀನಿಗೂ ಬೊಕ್ಕಸದಿಂದ ಎಷ್ಟು ಹಣ ಹೋಯಿತು, ಕೇಂದ್ರವೇ ಇಲ್ಲದಿದ್ದರೆ ಆ ನೀರಿನಲ್ಲಿ ಎಷ್ಟು ಮೀನು ಇರುತ್ತಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಮೀನುಮರಿ ಕೇಂದ್ರಗಳ ಆರ್ಥಿಕ ಮೌಲ್ಯಮಾಪನ. ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಅತ್ಯಂತ ಕಡಿಮೆ ಬಾರಿ ಕೇಳಲಾಗುವುದೂ ಅದೇ.

ಈ ವಿಷಯವನ್ನು ಅರಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ಹೆಚ್ಚು ನೆರವಾಗುತ್ತದೆ. ಅಲ್ಲಿ ಸರ್ಕಾರಿ ಮೀನುಮರಿ ಕೇಂದ್ರಗಳಿಗೆ ಒಂದೂವರೆ ಶತಮಾನದ ಇತಿಹಾಸವಿದೆ, ಅವುಗಳ ಖರ್ಚುವೆಚ್ಚದ ದಾಖಲೆಗಳು ಸಾರ್ವಜನಿಕರಿಗೆ ತೆರೆದಿವೆ, ಮತ್ತು ಅವುಗಳಿಂದ ಆದ ಲಾಭ ನಷ್ಟಗಳ ಬಗ್ಗೆ ಅರ್ಥಶಾಸ್ತ್ರಜ್ಞರೂ ಜೀವವಿಜ್ಞಾನಿಗಳೂ ದಶಕಗಳಿಂದ ವಾದ ಮಾಡುತ್ತ ಬಂದಿದ್ದಾರೆ.

ಅಲ್ಲಿ ಈ ಕೇಂದ್ರಗಳು ಹುಟ್ಟಿದ್ದೇ ಒಂದು ಕೊರತೆಯನ್ನು ತುಂಬಿಕೊಡುವ ಉಪಾಯವಾಗಿ. 1857ರಲ್ಲಿ ಜಾರ್ಜ್ ಪರ್ಕಿನ್ಸ್ ಮಾರ್ಷ್ ಎಂಬ ವಿದ್ವಾಂಸರು ವರ್ಮಾಂಟ್ ರಾಜ್ಯದ ಶಾಸನಸಭೆಗೆ ಮೀನಿನ ಕೃತಕ ಸಂವರ್ಧನೆಯ ಕುರಿತು ವರದಿಯೊಂದನ್ನು ಸಲ್ಲಿಸಿದರು. ಕಾಡು ಕಡಿದದ್ದು, ಗಿರಣಿಗಳಿಗಾಗಿ ಹೊಳೆಗಳಿಗೆ ಒಡ್ಡು ಕಟ್ಟಿದ್ದು, ಕಾರ್ಖಾನೆಯ ಕೊಳೆ ನೀರಿಗೆ ಸೇರಿದ್ದು ಮೀನು ಕಡಿಮೆಯಾಗಲು ಕಾರಣವೆಂದು ಅವರು ಗುರುತಿಸಿದ್ದರು. ಆದರೆ ಅವನ್ನು ಹಿಂದಿರುಗಿಸುವುದು ಆಗದ ಮಾತಾದ್ದರಿಂದ ಮನುಷ್ಯನೇ ಮರಿ ಮಾಡಿಸಿ ನೀರಿಗೆ ಬಿಡುವ ದಾರಿ ಉಳಿದಿದೆ ಎಂಬ ವಿಚಾರ ಆಗ ಬಲವಾಯಿತು. 1871ರಲ್ಲಿ ಸ್ಪೆನ್ಸರ್ ಬೇರ್ಡ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮೀನುಗಾರಿಕಾ ಆಯೋಗ ರಚನೆಯಾಯಿತು. ಮರುವರ್ಷ ಅಲ್ಲಿನ ಸಂಸತ್ತು ಮೀನಿನ ಸಂವರ್ಧನೆಗೆ 15,000 ಡಾಲರ್ ಮಂಜೂರು ಮಾಡಿತು. ಅದೇ ವರ್ಷ ಲಿವಿಂಗ್‌ಸ್ಟನ್ ಸ್ಟೋನ್ ಅವರು ಕ್ಯಾಲಿಫೋರ್ನಿಯದ ಮೆಕ್‌ಕ್ಲೌಡ್ ನದಿಯ ದಡದಲ್ಲಿ ಸಾಲ್ಮನ್ ಮೀನಿನ ಮೊಟ್ಟೆ ಸಂಗ್ರಹಿಸುವ ಕೇಂದ್ರವನ್ನು ತೆರೆದರು. ಹೊಳೆಯಲ್ಲಿ ಇಟ್ಟ ಮೊಟ್ಟೆಗಳಲ್ಲಿ ಬಹುಪಾಲು ಪ್ರವಾಹಕ್ಕೋ ಬೇರೆ ಮೀನಿನ ಬಾಯಿಗೋ ಹೋಗುತ್ತವೆ, ಅದೇ ಮೊಟ್ಟೆಗಳನ್ನು ತೊಟ್ಟಿಯಲ್ಲಿಟ್ಟು ಕಾಪಾಡಿದರೆ ಹೆಚ್ಚಿನವು ಮರಿಯಾಗುತ್ತವೆ ಎಂಬುದು ಅಂದಿನವರ ತರ್ಕವಾಗಿತ್ತು. ತರ್ಕದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದು ಅರ್ಧಕ್ಕೇ ನಿಂತಿತ್ತು. ತೊಟ್ಟಿಯಿಂದ ಹೊರಬಿದ್ದ ಮರಿ ಮುಂದೆ ಏನಾಗುತ್ತದೆ ಎಂಬುದನ್ನು ತಿಳಿಯುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಅಣೆಕಟ್ಟುಗಳು ಬಂದ ಮೇಲೆ ಈ ಕೇಂದ್ರಗಳ ಪಾತ್ರ ಬದಲಾಯಿತು. ಸಾಲ್ಮನ್ ಮೀನು ನದಿಯ ಮೇಲ್ಭಾಗದಲ್ಲಿ ಹುಟ್ಟಿ, ಸಮುದ್ರಕ್ಕಿಳಿದು ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನೀರಿಗೇ ಮರಳುವ ಜಾತಿಯದು. ಕೊಲಂಬಿಯ ನದಿಗೆ ಕಟ್ಟಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಿಹೋಗುವ ಮೆಟ್ಟಿಲುಗಾಲುವೆಯನ್ನು ನಿರ್ಮಿಸಲಿಲ್ಲವಾದ್ದರಿಂದ ಅದರ ಮೇಲಿನ ಅಷ್ಟೂ ನದಿ ಸಾಲ್ಮನ್‌ಗೆ ಮುಚ್ಚಿಹೋಯಿತು. ಆ ನಷ್ಟವನ್ನು ಭರಿಸಲೆಂದು ಲೆವನ್‌ವರ್ತ್, ಎಂಟಿಯಾಟ್, ವಿಂಥ್ರಪ್ ಎಂಬ ಮೂರು ಕೇಂದ್ರಗಳನ್ನು ಅಣೆಕಟ್ಟಿನ ಕೆಳಭಾಗದ ಉಪನದಿಗಳಲ್ಲಿ ಕಟ್ಟಲಾಯಿತು. 1938ರಲ್ಲಿ ಜಾರಿಗೆ ಬಂದ ಮಿಚೆಲ್ ಕಾಯಿದೆ ನದಿಯ ಕೆಳಭಾಗದಲ್ಲೂ ಇಂತಹ ಕೇಂದ್ರಗಳಿಗೆ ಹಣ ಒದಗಿಸಿತು. ಅಂದರೆ ಈ ಕೇಂದ್ರಗಳ ವೆಚ್ಚ ನ್ಯಾಯವಾಗಿ ಅಣೆಕಟ್ಟಿನ ವೆಚ್ಚದ ಒಂದು ಭಾಗ; ವಿದ್ಯುತ್ತು ಮತ್ತು ನೀರಾವರಿಯಿಂದ ಬಂದ ಲಾಭದಲ್ಲಿ ಕಳೆಯಬೇಕಾದ ಮೊತ್ತ. ಅದನ್ನು ಮೀನುಗಾರಿಕೆಯ ಖಾತೆಯಲ್ಲಿ ಬರೆದಾಗ ವಿದ್ಯುತ್ತು ಇರುವುದಕ್ಕಿಂತ ಅಗ್ಗವಾಗಿಯೂ ಮೀನು ಇರುವುದಕ್ಕಿಂತ ದುಬಾರಿಯಾಗಿಯೂ ಕಾಣುತ್ತದೆ.

ವೆಚ್ಚವನ್ನು ಲೆಕ್ಕಹಾಕುವುದು ಸುಲಭವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಸಿಬ್ಬಂದಿಯ ಸಂಬಳ, ಮೀನಿನ ಆಹಾರ, ವಿದ್ಯುತ್ ಬಿಲ್ಲು, ಔಷಧಿ, ಮರಿ ಸಾಗಿಸುವ ಲಾರಿಯ ಡೀಸೆಲ್ ಇವೆಲ್ಲ ಕೇಂದ್ರದ ಆಯವ್ಯಯದಲ್ಲಿ ಇದ್ದೇ ಇರುತ್ತವೆ. ಆದರೆ ಕಟ್ಟಡ, ಕೊಳವೆಮಾರ್ಗ, ಕಾಂಕ್ರೀಟಿನ ಕಾಲುವೆಗಳಿಗೆ ಹಿಂದೆಂದೋ ಹಾಕಿದ ಬಂಡವಾಳವನ್ನು ಅವುಗಳ ಆಯುಷ್ಯದ ಅಷ್ಟೂ ವರ್ಷಗಳಿಗೆ ಬಡ್ಡಿಸಹಿತ ಹಂಚಿ, ಪ್ರತಿ ವರ್ಷದ ಪಾಲನ್ನು ಆ ವರ್ಷದ ವೆಚ್ಚಕ್ಕೆ ಸೇರಿಸಬೇಕಾಗುತ್ತದೆ. ಹಳೆಯ ಕೇಂದ್ರಗಳ ಲೆಕ್ಕದಲ್ಲಿ ಈ ಸವಕಳಿಯ ಬಾಬತ್ತು ಕಾಣಿಸಿಕೊಳ್ಳುವುದೇ ಅಪರೂಪ. ನಿವೃತ್ತಿ ವೇತನ, ಪ್ರಧಾನ ಕಚೇರಿಯ ಆಡಳಿತ, ರೋಗ ತಪಾಸಣೆಯ ಪ್ರಯೋಗಾಲಯ, ಹೊರಬಿಡುವ ಕೊಳೆನೀರಿನ ಶುದ್ಧೀಕರಣ, ಬಿಟ್ಟ ಮೀನಿನ ಜಾಡು ಹಿಡಿಯುವ ಖರ್ಚು ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಚದುರಿರುತ್ತವೆ. ಇದಲ್ಲದೆ ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಕರೆಯುವ ಒಂದು ಅಂಶವಿದೆ: ಅದೇ ಹಣವನ್ನು, ಅದೇ ತಣ್ಣೀರಿನ ಊಟೆಯನ್ನು, ಅದೇ ನೆಲವನ್ನು ಬೇರೊಂದಕ್ಕೆ ಬಳಸಿದ್ದರೆ ಸಿಗುತ್ತಿದ್ದ ಪ್ರಯೋಜನವೇ ಆ ವೆಚ್ಚ. ಹೊಳೆಯ ದಡದಲ್ಲಿ ಮತ್ತೆ ಮರ ನೆಟ್ಟು, ಹಳೆಯ ಒಡ್ಡೊಂದನ್ನು ಒಡೆದು ಮೀನಿಗೆ ದಾರಿ ಬಿಡಿಸಲು ಅಷ್ಟೇ ಹಣ ಸಾಕಾಗುತ್ತಿತ್ತೇ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಒಟ್ಟು ವೆಚ್ಚ ಸಿಕ್ಕ ಮೇಲೆ ಅದನ್ನು ಯಾವುದರಿಂದ ಭಾಗಿಸಬೇಕು ಎಂಬುದು ಇನ್ನೂ ಸೂಕ್ಷ್ಮವಾದ ವಿಚಾರ. ಸಮುದ್ರಕ್ಕೆ ಇಳಿಯಲು ಸಿದ್ಧವಾದ ಸಾಲ್ಮನ್ ಮರಿಯನ್ನು ಸ್ಮೋಲ್ಟ್ ಎನ್ನುತ್ತಾರೆ. ಒಂದು ಸ್ಮೋಲ್ಟ್ ಬೆಳೆಸಲು ಅರ್ಧ ಡಾಲರ್ ಬೀಳುತ್ತದೆ ಎಂದು ಊಹಿಸಿಕೊಂಡರೆ, ಹತ್ತು ಲಕ್ಷ ಸ್ಮೋಲ್ಟ್‌ಗಳಿಗೆ ಐದು ಲಕ್ಷ ಡಾಲರ್ ಆಗುತ್ತದೆ. ಅವುಗಳಲ್ಲಿ ನೂರಕ್ಕೆ ಒಂದು ಬದುಕಿ ದೊಡ್ಡದಾದರೆ ಹತ್ತು ಸಾವಿರ ಮೀನು. ಅದರಲ್ಲಿ ಅರ್ಧದಷ್ಟು ಮೀನುಗಾರರಿಗೆ ಸಿಕ್ಕರೆ ಹಿಡಿದ ಒಂದೊಂದು ಮೀನಿಗೆ ಬೊಕ್ಕಸ ತೆತ್ತದ್ದು ನೂರು ಡಾಲರ್. ಬದುಕುವ ಪ್ರಮಾಣ ಸಾವಿರಕ್ಕೆ ಒಂದಕ್ಕೆ ಇಳಿದರೆ ಅದೇ ಮೀನಿನ ವೆಚ್ಚ ಸಾವಿರ ಡಾಲರ್‌ಗೆ ಏರುತ್ತದೆ, ಆದರೆ ಕೇಂದ್ರದ ಲೆಕ್ಕಪತ್ರದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಕೊಲಂಬಿಯ ಜಲಾನಯನದ ಯೋಜಕರು ಸ್ಮೋಲ್ಟ್‌ಗಳಲ್ಲಿ ಶೇಕಡ 2ರಿಂದ 6ರಷ್ಟಾದರೂ ದೊಡ್ಡ ಮೀನಾಗಿ ಮರಳಬೇಕೆಂಬ ಗುರಿ ಇಟ್ಟುಕೊಂಡಿದ್ದಾರೆ. ಅಲ್ಲಿನ ಅನೇಕ ಮೀನಿನ ಗುಂಪುಗಳು ಹಲವು ವರ್ಷಗಳಲ್ಲಿ ಆ ಗುರಿಯ ಕೆಳತುದಿಯನ್ನೂ ಮುಟ್ಟಿಲ್ಲ.

ಆ ಜಲಾನಯನದ ಯೋಜನೆಗಳಿಗೆ ಸಲಹೆ ನೀಡುವ ಸ್ವತಂತ್ರ ಅರ್ಥಶಾಸ್ತ್ರಜ್ಞರ ಮಂಡಳಿಯೊಂದು 2002ರಲ್ಲಿ ಕೆಲವು ಕೇಂದ್ರಗಳನ್ನು ಆರಿಸಿಕೊಂಡು ಇದೇ ಬಗೆಯಲ್ಲಿ, ಹಿಡಿದ ಮೀನಿನ ಆಧಾರದ ಮೇಲೆ, ವೆಚ್ಚವನ್ನು ಲೆಕ್ಕಹಾಕಿತು. ಕೆಲವೆಡೆ ಒಂದು ಮೀನಿಗೆ ಕೆಲವೇ ಹತ್ತು ಡಾಲರ್‌ಗಳು ಬಿದ್ದಿದ್ದರೆ, ಇನ್ನು ಕೆಲವೆಡೆ ಅದು ಸಾವಿರಾರು ಡಾಲರ್‌ಗಳನ್ನು ದಾಟಿತ್ತು. ಈ ಅಂತರಕ್ಕೆ ಕಾರಣ ಸಿಬ್ಬಂದಿಯ ಸೋಮಾರಿತನವಲ್ಲ, ಮೀನಿನ ಬದುಕಿನ ಕ್ರಮ. ಶರತ್ಕಾಲದಲ್ಲಿ ಮರಳುವ ಚಿನೂಕ್ ಸಾಲ್ಮನ್‌ನ ಮರಿಗಳನ್ನು ಕೆಲವೇ ತಿಂಗಳು ಸಾಕಿ ಬಿಡಬಹುದು, ಅವು ಸಮುದ್ರದ ಮೀನುಗಾರಿಕೆಯಲ್ಲಿ ಹೆಚ್ಚಾಗಿ ಸಿಗುತ್ತವೆ. ವಸಂತದಲ್ಲಿ ಮರಳುವ ಚಿನೂಕ್‌ನ ಮರಿಗಳನ್ನಾದರೋ ವರ್ಷಕ್ಕೂ ಮಿಗಿಲಾಗಿ ತೊಟ್ಟಿಯಲ್ಲಿ ಸಾಕಬೇಕು. ಎಂಟಿಯಾಟ್ ಕೇಂದ್ರದಿಂದ ಹೊರಟ ಮರಿ ಸಮುದ್ರ ಸೇರುವ ಮುನ್ನ ಎಂಟು ಅಣೆಕಟ್ಟುಗಳನ್ನು ದಾಟಬೇಕು, ಮರಳುವಾಗ ಅವೇ ಎಂಟನ್ನು ಮತ್ತೆ ಹತ್ತಬೇಕು. ಎಂಟಿಯಾಟ್‌ನಲ್ಲಿ ವಸಂತದ ಚಿನೂಕ್ ಸಾಕುವುದನ್ನು 2007ರಲ್ಲಿ ನಿಲ್ಲಿಸಲಾಯಿತು. ಆ ತೀರ್ಮಾನಕ್ಕೆ ಕಾರಣವಾದದ್ದು ಹಣಕ್ಕಿಂತ ಹೆಚ್ಚಾಗಿ ಅದೇ ನದಿಯಲ್ಲಿ ಅಳಿವಿನಂಚಿನಲ್ಲಿದ್ದ ಕಾಡು ಚಿನೂಕ್‌ಗೆ ಆಗುತ್ತಿದ್ದ ಅಪಾಯ. ಮುಂದೆ ಅಲ್ಲಿ ಬೇಸಿಗೆಯ ಚಿನೂಕ್ ಸಾಕಣೆ ಆರಂಭವಾಯಿತು.

ಸಮುದ್ರದಲ್ಲಿ ಸಿಕ್ಕ ಮೀನು ಯಾವ ಕೇಂದ್ರದ್ದೆಂದು ಗೊತ್ತಾಗುವ ಬಗೆ ವಿಶೇಷವಾದದ್ದು. ಮರಿಯನ್ನು ಬಿಡುವ ಮುನ್ನ ಅದರ ಮೂತಿಯ ಮೃದ್ವಸ್ಥಿಯೊಳಗೆ ಸುಮಾರು ಒಂದು ಮಿಲಿಮೀಟರ್ ಉದ್ದದ, ಕೂದಲಿನಷ್ಟು ತೆಳುವಾದ ಉಕ್ಕಿನ ತಂತಿಯ ತುಣುಕೊಂದನ್ನು ಯಂತ್ರದಿಂದ ಚುಚ್ಚಿ ಸೇರಿಸುತ್ತಾರೆ. ಆ ತುಣುಕಿನ ಮೇಲೆ ಕೇಂದ್ರವನ್ನೂ ಬಿಟ್ಟ ತಂಡವನ್ನೂ ಗುರುತಿಸುವ ಸಂಕೇತವಿರುತ್ತದೆ. 1960ರ ದಶಕದಲ್ಲಿ ರೂಪುಗೊಂಡ ಈ ವಿಧಾನದಲ್ಲಿ, ಬೆನ್ನಿನ ಹಿಂಭಾಗದ ಚಿಕ್ಕ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿ ಹೊರಗಿನ ಗುರುತನ್ನೂ ಮಾಡಲಾಗುತ್ತದೆ. ವರ್ಷಗಳ ನಂತರ ಅಲಾಸ್ಕದಿಂದ ಕ್ಯಾಲಿಫೋರ್ನಿಯದವರೆಗಿನ ಬಂದರುಗಳಲ್ಲಿ ತಪಾಸಣೆಯವರು ಇಳಿಸಿದ ಮೀನಿನ ಒಂದು ಪಾಲನ್ನು ಪರೀಕ್ಷಿಸಿ, ತಂತಿಯಿರುವ ಮೀನಿನ ತಲೆಯನ್ನು ಕತ್ತರಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ತಂತಿಯನ್ನು ಹೊರತೆಗೆದು ಸೂಕ್ಷ್ಮದರ್ಶಕದಡಿ ಓದುತ್ತಾರೆ. ಬಂದರಿಗೆ ಬಂದ ಮೀನಿನಲ್ಲಿ ಐದನೆಯ ಒಂದು ಭಾಗವನ್ನಷ್ಟೇ ಪರೀಕ್ಷಿಸಿದ್ದರೆ ಸಿಕ್ಕ ಒಂದು ತಂತಿ ಐದು ಮೀನಿಗೆ ಸಮವೆಂದು ಎಣಿಸಲಾಗುತ್ತದೆ. ಮೀನುಮರಿ ಕೇಂದ್ರಗಳ ಬಗ್ಗೆ ಇಂದು ನಂಬಿಕೆಯಿಂದ ಹೇಳಬಹುದಾದ ಬಹಳಷ್ಟು ಸಂಗತಿಗಳು ನಿಂತಿರುವುದು ಈ ತಂತಿಯ ತುಣುಕಿನ ಮೇಲೆ, ಮತ್ತು ಮೀನಿನ ರಾಶಿಯ ಮುಂದೆ ಕುಳಿತು ತಲೆಗಳನ್ನು ಎಣಿಸುವವರ ತಾಳ್ಮೆಯ ಮೇಲೆ.

ಇನ್ನು ಲಾಭದ ಕಡೆಗೆ ಬಂದರೆ, ಅಮೆರಿಕದಲ್ಲಿ ಸರ್ಕಾರಿ ಕೇಂದ್ರಗಳ ಬಹುಪಾಲು ಸಮರ್ಥನೆ ನಿಂತಿರುವುದು ಮಾರುಕಟ್ಟೆಯ ಮೀನಿನ ಮೇಲಲ್ಲ, ಹವ್ಯಾಸಕ್ಕಾಗಿ ಗಾಳ ಹಾಕುವವರ ಮೇಲೆ. ಟೆನ್ನೆಸ್ಸಿ, ಕೆಂಟಕಿ, ಅರ್ಕಾನ್ಸಾ ರಾಜ್ಯಗಳ ದೊಡ್ಡ ಅಣೆಕಟ್ಟುಗಳು ಜಲಾಶಯದ ತಳದಿಂದ ತಣ್ಣೀರನ್ನು ಬಿಡುವುದರಿಂದ ಕೆಳಗಿನ ಹೊಳೆಗಳಲ್ಲಿ ಮೊದಲಿದ್ದ ಬೆಚ್ಚನೆಯ ನೀರಿನ ಮೀನುಗಳು ನಿಲ್ಲಲಿಲ್ಲ. ಅವುಗಳ ಬದಲಿಗೆ ತಣ್ಣೀರಿನ ಮೀನಾದ ರೇನ್‌ಬೋ ಟ್ರೌಟ್ ಅನ್ನು ಕೇಂದ್ರಗಳಲ್ಲಿ ಹಿಡಿಯುವ ಗಾತ್ರಕ್ಕೆ ಬೆಳೆಸಿ ಬಿಡುವ ಪದ್ಧತಿ ಬಂತು. 2004ರ ಅಂಕಿಅಂಶಗಳನ್ನು ಆಧರಿಸಿ ಅಲ್ಲಿನ ಮೀನು ಮತ್ತು ವನ್ಯಜೀವಿ ಸೇವಾ ಇಲಾಖೆ ನಡೆಸಿದ ಅಧ್ಯಯನದ ಪ್ರಕಾರ, 11 ರಾಷ್ಟ್ರೀಯ ಕೇಂದ್ರಗಳು ಸುಮಾರು 54 ಲಕ್ಷ ಡಾಲರ್ ವೆಚ್ಚದಲ್ಲಿ ಸುಮಾರು 94 ಲಕ್ಷ ಟ್ರೌಟ್‌ಗಳನ್ನು ಬಿಟ್ಟವು. ಅವುಗಳಿಂದ 39 ಲಕ್ಷ ಗಾಳದ ದಿನಗಳು, ಅಂದರೆ ಒಬ್ಬ ವ್ಯಕ್ತಿ ಒಂದು ದಿನ ಗಾಳ ಹಾಕಿದ್ದನ್ನು ಒಂದೆಂದು ಎಣಿಸಿದರೆ ಅಷ್ಟು ದಿನಗಳು, ಸಾಧ್ಯವಾದವು. ಆ ಜನ ದೋಣಿ ಬಾಡಿಗೆ, ಪೆಟ್ರೋಲು, ಊಟ, ವಸತಿ, ಗಾಳದ ಸಾಮಾನುಗಳಿಗಾಗಿ 17 ಕೋಟಿ ಡಾಲರ್‌ಗೂ ಮಿಕ್ಕಿ ಖರ್ಚು ಮಾಡಿದರು, ಒಟ್ಟು ಆರ್ಥಿಕ ಉತ್ಪನ್ನ 32 ಕೋಟಿ ಡಾಲರ್ ಮೀರಿತು, 3,502 ಉದ್ಯೋಗಗಳಿಗೆ ಆಧಾರವಾಯಿತು ಎಂದು ಆ ವರದಿ ಹೇಳಿತು. ಕೇಂದ್ರಕ್ಕೆ ಹಾಕಿದ ಒಂದು ಡಾಲರ್‌ಗೆ ಚಿಲ್ಲರೆ ವ್ಯಾಪಾರದಲ್ಲಿ 32 ಡಾಲರ್ 20 ಸೆಂಟ್, ನಿವ್ವಳ ಆರ್ಥಿಕ ಮೌಲ್ಯದಲ್ಲಿ 36 ಡಾಲರ್ 88 ಸೆಂಟ್ ಎಂಬ ಅದರ ತೀರ್ಮಾನವನ್ನು ಕೇಂದ್ರಗಳ ಪರವಾಗಿರುವವರು ಇಂದಿಗೂ ಮುಂದಿಡುತ್ತಾರೆ.

ಈ ಎರಡು ಸಂಖ್ಯೆಗಳು ಒಂದೇ ಬಗೆಯವಲ್ಲ. ಮೊದಲನೆಯದು ಆರ್ಥಿಕ ಪರಿಣಾಮ: ಹಣ ಎಲ್ಲಿಂದ ಎಲ್ಲಿಗೆ ಹರಿಯಿತು, ಯಾರ ಅಂಗಡಿಗೆ ಎಷ್ಟು ವ್ಯಾಪಾರವಾಯಿತು ಎಂಬ ಲೆಕ್ಕ. ಗಾಳದವನಿಂದ ಹೋಟೆಲಿನವನಿಗೆ, ಅವನಿಂದ ಹಾಲಿನವನಿಗೆ, ಅಲ್ಲಿಂದ ಮೇವಿನ ವ್ಯಾಪಾರಿಗೆ ಎಂದು ಒಂದೇ ಹಣ ಕೈಯಿಂದ ಕೈಗೆ ದಾಟುತ್ತ ಒಟ್ಟು ವಹಿವಾಟು ಹಿಗ್ಗುವುದನ್ನು ಗುಣಕ ಎನ್ನುತ್ತಾರೆ. ವಾಸಿಲಿ ಲಿಯಾಂಟಿಯೆಫ್ ರೂಪಿಸಿದ, 1973ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಹೂಡುವಳಿ–ಹುಟ್ಟುವಳಿ ವಿಶ್ಲೇಷಣೆಯಿಂದ ಅದನ್ನು ಅಳೆಯುತ್ತಾರೆ. ಎರಡನೆಯದು ಆರ್ಥಿಕ ಮೌಲ್ಯ: ಗಾಳ ಹಾಕಲು ಬಂದವನು ನಿಜವಾಗಿ ಖರ್ಚು ಮಾಡಿದ್ದಕ್ಕಿಂತ ಎಷ್ಟು ಹೆಚ್ಚು ಕೊಡಲು ಸಿದ್ಧನಿದ್ದ ಎಂಬ ಲೆಕ್ಕ, ಅಂದರೆ ಖರ್ಚು ಕಳೆದು ಅವನಿಗೆ ಉಳಿದ ಸಂತೋಷದ ಬೆಲೆ. ಇದನ್ನು ಅಳೆಯುವ ಒಂದು ದಾರಿಯನ್ನು 1947ರಲ್ಲಿ ಹೆರಾಲ್ಡ್ ಹಾಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಲ್ಲಿ ಸೂಚಿಸಿದ್ದರು. ದೂರದವರು ಹೆಚ್ಚು ಖರ್ಚು ಮಾಡಿ ಕಡಿಮೆ ಬಾರಿ ಬರುತ್ತಾರೆ, ಹತ್ತಿರದವರು ಕಡಿಮೆ ಖರ್ಚಿನಲ್ಲಿ ಹೆಚ್ಚು ಬಾರಿ ಬರುತ್ತಾರೆ. ಪ್ರಯಾಣದ ವೆಚ್ಚವನ್ನೇ ಬೆಲೆಯೆಂದು ಭಾವಿಸಿ, ಬೆಲೆ ಏರಿದಂತೆ ಬರುವವರ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬುದನ್ನು ಗಮನಿಸಿದರೆ ಟಿಕೆಟ್ಟೇ ಇಲ್ಲದ ಜಾಗಕ್ಕೂ ಜನ ಕಟ್ಟುವ ಬೆಲೆ ತಿಳಿಯುತ್ತದೆ. ಪ್ರಯಾಣ ವೆಚ್ಚ ವಿಧಾನವೆಂದು ಹೆಸರಾದ ಇದನ್ನು ಮುಂದೆ ಮೇರಿಯನ್ ಕ್ಲಾಸನ್ ಅವರು 1959ರಲ್ಲಿ ಬೆಳೆಸಿದರು.

ಸಾರ್ವಜನಿಕ ಚರ್ಚೆಯಲ್ಲಿ ಈ ಎರಡೂ ಬೆರೆತುಹೋಗುವುದರಿಂದ ಆಗುವ ತೊಂದರೆ ಸಣ್ಣದಲ್ಲ. ಖರ್ಚಾದ ಹಣ ಲಾಭವಲ್ಲ. ಗಾಳಕ್ಕೆ ಬರದಿದ್ದರೆ ಅದೇ ಕುಟುಂಬ ಅದೇ ಹಣವನ್ನು ಸಿನಿಮಾಕ್ಕೋ ಬೇರೊಂದು ಕೆರೆಗೋ ಖರ್ಚು ಮಾಡುತ್ತಿತ್ತು. ಅಣೆಕಟ್ಟಿನ ಕೆಳಗಿನ ಸಣ್ಣ ಊರಿನ ದೃಷ್ಟಿಯಿಂದ ಹೊರಗಿನವರ ಹಣ ಹರಿದುಬರುವುದು ನಿಜವಾದ ಆದಾಯ, ಅಲ್ಲಿನ ದೋಣಿಯವನಿಗೂ ಹೋಟೆಲಿನವನಿಗೂ ಅದು ಬದುಕು. ಇಡೀ ದೇಶದ ದೃಷ್ಟಿಯಿಂದ ಅದು ಬಹುಮಟ್ಟಿಗೆ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಸರಿದದ್ದು. ಎರಡು ದೃಷ್ಟಿಗಳೂ ಸರಿಯೇ, ಆದರೆ ಯಾವುದರ ಲೆಕ್ಕ ನಡೆಯುತ್ತಿದೆ ಎಂಬುದನ್ನು ಮೊದಲೇ ಹೇಳಬೇಕು. ಹೇಳದೆ ಬಿಟ್ಟಾಗ ದೊಡ್ಡದಾಗಿ ಕಾಣುವ ಸಂಖ್ಯೆಯೇ ಗೆಲ್ಲುತ್ತದೆ.

ಇದಕ್ಕಿಂತಲೂ ಕಠಿಣವಾದ ಪ್ರಶ್ನೆ, ಕೇಂದ್ರವಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದು. ಇದಕ್ಕೆ ಮೊಂಟಾನ ರಾಜ್ಯದಲ್ಲಿ ಸಿಕ್ಕಷ್ಟು ಸ್ಪಷ್ಟವಾದ ಉತ್ತರ ಬೇರೆಡೆ ಸಿಕ್ಕಿದ್ದು ಕಡಿಮೆ. 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಅಲ್ಲಿನ ಮೀನುಗಾರಿಕಾ ವಿಜ್ಞಾನಿ ರಿಚರ್ಡ್ ವಿನ್ಸೆಂಟ್ ಅವರು ಮ್ಯಾಡಿಸನ್ ನದಿಯ ಒಂದು ಭಾಗದಲ್ಲಿ ಪ್ರತಿ ವರ್ಷ ಬಿಡುತ್ತಿದ್ದ ಟ್ರೌಟ್‌ಗಳನ್ನು ನಿಲ್ಲಿಸಿ, ಅದುವರೆಗೆ ಮೀನು ಬಿಡದಿದ್ದ ಓಡೆಲ್ ಹೊಳೆಯಲ್ಲಿ ಬಿಡಲು ಆರಂಭಿಸಿದರು. ಬಿಡುವುದನ್ನು ನಿಲ್ಲಿಸಿದಲ್ಲಿ ಕಾಡು ಟ್ರೌಟ್‌ಗಳ ಸಂಖ್ಯೆಯೂ ಒಟ್ಟು ತೂಕವೂ ಏರಿತು. ಬಿಡಲು ತೊಡಗಿದಲ್ಲಿ ಇಳಿಯಿತು. ತೊಟ್ಟಿಯಲ್ಲಿ ಬೆಳೆದ ಮೀನುಗಳು ಹೊಳೆಯಲ್ಲಿ ಹೆಚ್ಚು ಕಾಲ ಬದುಕದಿದ್ದರೂ ಇದ್ದಷ್ಟು ದಿನ ಅಲ್ಲಿನ ಮೀನುಗಳ ನೆಲೆಯನ್ನು ಕೆಡಿಸುತ್ತಿದ್ದವು. ಗಾಳದವರ, ವ್ಯಾಪಾರಿಗಳ ಬಲವಾದ ವಿರೋಧದ ನಡುವೆಯೂ ಕಾಡು ಟ್ರೌಟ್ ತಾನಾಗಿ ಬದುಕಬಲ್ಲ ಹೊಳೆಗಳಿಗೆ ಮೀನು ಬಿಡುವುದನ್ನು ಮೊಂಟಾನ 1974ರಲ್ಲಿ ನಿಲ್ಲಿಸಿತು. ಆ ಹೊಳೆಗಳ ಮಟ್ಟಿಗೆ ಅದುವರೆಗೆ ಹಾಕಿದ ಹಣದ ನಿವ್ವಳ ಪ್ರಯೋಜನ ಸೊನ್ನೆಗಿಂತಲೂ ಕೆಳಗಿತ್ತು. ಅಷ್ಟಾಗಿಯೂ ಬಿಟ್ಟ ಮೀನಿನ ಸಂಖ್ಯೆ ವರ್ಷವರ್ಷವೂ ಸಾಧನೆಯ ಪಟ್ಟಿಯಲ್ಲಿ ಸೇರುತ್ತಲೇ ಇತ್ತು.

ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿಯಲ್ಲಿ ಉತ್ತರ ಇಷ್ಟು ಸುಲಭವಾಗಿ ಸಿಗಲಿಲ್ಲ. ಅಲ್ಲಿ 1970ರ ದಶಕದಿಂದ ಮೀನುಮರಿ ಕೇಂದ್ರಗಳು ಬೆಳೆದಂತೆ ಪಿಂಕ್ ಸಾಲ್ಮನ್ ಹಿಡುವಳಿ ಹಲವು ಪಟ್ಟು ಏರಿತು. ಆದರೆ ಅದೇ ವರ್ಷಗಳಲ್ಲಿ ಸಮುದ್ರದ ಸ್ಥಿತಿ ಸುಧಾರಿಸಿ, ಕೇಂದ್ರಗಳ ಪ್ರಭಾವ ಅಷ್ಟಾಗಿ ಇಲ್ಲದ ಅಲಾಸ್ಕದ ಬೇರೆ ಕಡಲ ಭಾಗಗಳಲ್ಲೂ ಹಿಡುವಳಿ ಏರಿತ್ತೆಂದೂ, ಕೇಂದ್ರದ ಮೀನು ಬಹುಮಟ್ಟಿಗೆ ಕಾಡು ಮೀನಿನ ಸ್ಥಾನವನ್ನು ಆಕ್ರಮಿಸಿತೇ ಹೊರತು ಅದಕ್ಕೆ ಕೂಡಿಕೊಳ್ಳಲಿಲ್ಲವೆಂದೂ ರೇ ಹಿಲ್ಬಾರ್ನ್ ಮತ್ತು ಡಗ್ಲಸ್ ಎಗ್ಗರ್ಸ್ 2000ರಲ್ಲಿ ವಾದಿಸಿದರು. ಮರುವರ್ಷವೇ ಬೇರೆ ವಿಜ್ಞಾನಿಗಳು ಅದನ್ನು ಅಲ್ಲಗಳೆದು, ನಿಜವಾದ ಹೆಚ್ಚಳ ಗಣನೀಯವಾಗಿಯೇ ಇದೆ ಎಂದು ಲೆಕ್ಕ ತೋರಿಸಿದರು. ಒಂದೇ ಕೊಲ್ಲಿಯ ಒಂದೇ ಅಂಕಿಅಂಶಗಳಿಂದ ಇಷ್ಟು ಭಿನ್ನವಾದ ತೀರ್ಮಾನಗಳು ಬರಬಲ್ಲವೆಂದರೆ, ಹೋಲಿಕೆಗೆ ಆರಿಸಿಕೊಳ್ಳುವ ನೀರು ಯಾವುದು ಎಂಬುದು ಲೆಕ್ಕದ ಫಲವನ್ನೇ ನಿರ್ಧರಿಸುತ್ತದೆ.

ಕೇಂದ್ರಗಳಿಂದ ಆಗುವ ಹಾನಿಯ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಒರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್ ಮೀನುಗಳ ವಂಶಾವಳಿಯನ್ನು ಡಿಎನ್‌ಎ ಮೂಲಕ ಪತ್ತೆಹಚ್ಚಿದ ಹಿಟೋಶಿ ಅರಾಕಿ ಮತ್ತು ಸಂಗಡಿಗರು, ತೊಟ್ಟಿಯಲ್ಲಿ ಕಳೆದ ಪ್ರತಿ ತಲೆಮಾರಿಗೂ ನದಿಯಲ್ಲಿ ಸಂತಾನ ಪಡೆಯುವ ಸಾಮರ್ಥ್ಯ ಸುಮಾರು ಶೇಕಡ 40ರಷ್ಟು ಕುಗ್ಗುತ್ತದೆ ಎಂದು 2007ರಲ್ಲಿ ತೋರಿಸಿದರು. ಅಲುಗಾಡದ ನೀರು, ಹೊತ್ತಿಗೆ ಸರಿಯಾಗಿ ಬೀಳುವ ಆಹಾರ, ಶತ್ರುವೇ ಇಲ್ಲದ ಬದುಕು ಇವುಗಳಲ್ಲಿ ಚೆನ್ನಾಗಿ ಬೆಳೆಯುವ ಗುಣಗಳೇ ಹೊಳೆಯಲ್ಲಿ ಕೊರತೆಯಾಗುತ್ತವೆ, ಮತ್ತು ಅಂತಹ ಮೀನು ಕಾಡು ಮೀನಿನೊಡನೆ ಕೂಡಿದಾಗ ಆ ಕೊರತೆ ಮುಂದಿನ ಪೀಳಿಗೆಗೂ ಸೇರುತ್ತದೆ. ಕೇಂದ್ರದ ಮೀನು ಹೇರಳವಾಗಿದ್ದಾಗ ಹೆಚ್ಚು ದೋಣಿಗಳು ಬಲೆ ಬೀಸುವುದರಿಂದ ಅದರೊಡನೆ ಈಜುವ ವಿರಳ ಕಾಡು ಮೀನೂ ಬಲಿಯಾಗುವುದು ಇನ್ನೊಂದು ಹಾನಿ. ಕೊಲಂಬಿಯ ಜಲಾನಯನದಲ್ಲಿ ಸಾಲ್ಮನ್ ಪುನಶ್ಚೇತನಕ್ಕೆಂದು ನಾಲ್ಕು ದಶಕಗಳಲ್ಲಿ, ಹಣದುಬ್ಬರವನ್ನು ಸರಿಹೊಂದಿಸಿದರೆ, 900 ಕೋಟಿ ಡಾಲರ್‌ಗೂ ಹೆಚ್ಚು ಸಾರ್ವಜನಿಕ ಹಣ ಖರ್ಚಾಗಿದ್ದರೂ ಅದರಿಂದ ಕಾಡು ಮೀನಿನ ಸಂಖ್ಯೆ ಏರಿತೆಂಬುದಕ್ಕೆ ಪುರಾವೆ ಸಿಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ಜೇಗರ್ ಮತ್ತು ವಿಜ್ಞಾನಿ ಮಾರ್ಕ್ ಶೂರೆಲ್ 2023ರಲ್ಲಿ ಪ್ರಕಟಿಸಿದರು. ಆ ಹಣದಲ್ಲಿ ಮೀನುಮರಿ ಕೇಂದ್ರಗಳ ಪಾಲಲ್ಲದೆ ನೆಲೆಗಳ ಸುಧಾರಣೆ, ಅಣೆಕಟ್ಟುಗಳ ಮಾರ್ಪಾಡುಗಳೂ ಸೇರಿವೆ ಎಂಬುದನ್ನು ಇಲ್ಲಿ ಮರೆಯಬಾರದು.

ಹೀಗೆಂದು ಎಲ್ಲ ಕೇಂದ್ರಗಳನ್ನೂ ಡಾಲರಿನ ತಕ್ಕಡಿಯಲ್ಲೇ ತೂಗುವುದು ಸಲ್ಲದು. 1855ರ ಒಪ್ಪಂದಗಳಲ್ಲಿ ನೆಜ್ ಪರ್ಸ್, ಯಾಕಮ, ಉಮಟಿಲ, ವಾರ್ಮ್ ಸ್ಪ್ರಿಂಗ್ಸ್ ಬುಡಕಟ್ಟುಗಳು ವಿಸ್ತಾರವಾದ ನೆಲವನ್ನು ಬಿಟ್ಟುಕೊಟ್ಟು ತಮ್ಮ ವಾಡಿಕೆಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಹಕ್ಕು ಉಳಿದು ಮೀನೇ ಇಲ್ಲವಾದರೆ ಆ ಒಪ್ಪಂದಕ್ಕೆ ಅರ್ಥವಿರುವುದಿಲ್ಲವಾದ್ದರಿಂದ, ಅಣೆಕಟ್ಟುಗಳು ಇರುವವರೆಗೆ ಕೇಂದ್ರಗಳನ್ನು ನಡೆಸುವುದು ಅಲ್ಲಿ ದಾನವಲ್ಲ, ಋಣ. ಇಡಾಹೊ ರಾಜ್ಯದ ರೆಡ್‌ಫಿಶ್ ಸರೋವರದ ಸಾಕ್‌ಐ ಸಾಲ್ಮನ್‌ನ ಕಥೆ ಇನ್ನೊಂದು ಬಗೆಯದು. ಸಮುದ್ರದಿಂದ ಸುಮಾರು 1,450 ಕಿಲೋಮೀಟರ್ ಮೇಲೇರಿ ಆ ಸರೋವರವನ್ನು ಸೇರುವ ಈ ಮೀನುಗಳಲ್ಲಿ 1992ರಲ್ಲಿ ಮರಳಿದ್ದು ಒಂದೇ ಒಂದು ಗಂಡು. 1991ರಿಂದ 1998ರವರೆಗೆ ಒಟ್ಟು ಮರಳಿದ ಕಾಡು ಮೀನುಗಳು ಕೇವಲ 16. ಅವೆಲ್ಲವನ್ನೂ ಹಿಡಿದು ಕೇಂದ್ರದಲ್ಲಿಟ್ಟು ಸಂತಾನ ಮಾಡಿಸಿದ್ದರಿಂದ ಆ ತಳಿ ಉಳಿಯಿತು, 2014ರಲ್ಲಿ ಮರಳಿದವುಗಳ ಸಂಖ್ಯೆ 1,500 ದಾಟಿತು. ಇಂತಹ ಕೇಂದ್ರದಲ್ಲಿ ಹಿಡಿದ ಮೀನಿಗೆ ಎಷ್ಟು ವೆಚ್ಚ ಬಿತ್ತು ಎಂದು ಕೇಳುವುದಕ್ಕೆ ಅರ್ಥವಿಲ್ಲ. ತಳಿ ಉಳಿಯಿತೇ, ಎಂದಾದರೂ ಕೇಂದ್ರದ ನೆರವಿಲ್ಲದೆ ಬದುಕೀತೇ ಎಂಬುದೇ ಅಲ್ಲಿನ ಅಳತೆ.

ಹಣ ಯಾರು ಕೊಡಬೇಕೆಂಬ ವಾದವೂ ಇದರ ಜೊತೆಗೇ ನಡೆದಿದೆ. ಗಾಳದ ಸಾಮಾನುಗಳ ಮೇಲೆ ತೆರಿಗೆ ವಿಧಿಸಿ ಬಂದ ಹಣವನ್ನು ರಾಜ್ಯಗಳ ಮೀನುಗಾರಿಕೆಗೆ ಹಂಚುವ ಕಾಯಿದೆ ಅಮೆರಿಕದಲ್ಲಿ 1950ರಿಂದ ಜಾರಿಯಲ್ಲಿದ್ದು, ಬಳಸುವವರೇ ತೆರುವ ತತ್ವವನ್ನು ಅದು ತಕ್ಕಮಟ್ಟಿಗೆ ಪಾಲಿಸುತ್ತದೆ. ಅಣೆಕಟ್ಟಿನ ಕೆಳಗೆ ಟ್ರೌಟ್ ಬಿಡುವ ಕೇಂದ್ರಗಳ ವಿಷಯದಲ್ಲಿ, ಅಣೆಕಟ್ಟಿನಿಂದ ಲಾಭ ಪಡೆಯುವವರು ವೆಚ್ಚ ಭರಿಸಬೇಕೆಂದು ಕೇಂದ್ರ ಸರ್ಕಾರದ ಇಲಾಖೆ ಬಹುಕಾಲ ಒತ್ತಾಯಿಸಿದ ಮೇಲೆ, 2013ರಲ್ಲಿ ಟೆನ್ನೆಸ್ಸಿ ಕಣಿವೆ ಪ್ರಾಧಿಕಾರ ತನ್ನ ಪಾಲನ್ನು ಕೊಡಲು ಒಪ್ಪಿಕೊಂಡಿತು.

ಕರ್ನಾಟಕದ ಮೀನುಮರಿ ಕೇಂದ್ರಗಳಿಗೆ ಈ ಅಳತೆಗೋಲುಗಳನ್ನು ತಂದಾಗ ಚಿತ್ರ ಸಾಕಷ್ಟು ಬೇರೆಯಾಗಿ ಕಾಣುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ನೀರಿನಲ್ಲಿ, ಮಳೆಗಾಲದ ಪ್ರವಾಹದ ಹೊತ್ತಿಗೆ ಮೊಟ್ಟೆಯಿಡುವಂಥವು. ನಿಂತ ನೀರಿನ ಕೆರೆಯಲ್ಲಿ ಅವು ಸಂತಾನ ಪಡೆಯುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾಗುವವರೆಗೆ ಬಿತ್ತನೆ ಮರಿಗಳನ್ನು ಉತ್ತರದ ನದಿಗಳಿಂದಲೇ ಹಿಡಿದು ತರಬೇಕಿತ್ತು. ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ತುಂಬುವ ಬಯಲುಸೀಮೆಯ ಕೆರೆಗೆ ಮರಿ ಬಿಡದಿದ್ದರೆ ಈ ಮೀನು ಅಲ್ಲಿ ಇರುವುದೇ ಇಲ್ಲ. ಆದ್ದರಿಂದ ಕೇಂದ್ರವಿಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಕೆರೆಯಲ್ಲಿ ಉತ್ತರ ಸರಳ, ಮತ್ತು ಮೀನು ಊಟಕ್ಕೂ ಮಾರಾಟಕ್ಕೂ ಹೋಗುವುದರಿಂದ ಲಾಭವನ್ನು ಕಿಲೋ ಲೆಕ್ಕದಲ್ಲೇ ಅಳೆಯಬಹುದು. ಈ ಮಟ್ಟಿಗೆ ಇಲ್ಲಿನ ಕೇಂದ್ರಗಳ ಪರವಾದ ವಾದ ಅಮೆರಿಕದ ಕೇಂದ್ರಗಳಿಗಿಂತ ಗಟ್ಟಿಯಾಗಿದೆ.

ನದಿಯಲ್ಲಿ ಹಾಗಲ್ಲ. ಕಾವೇರಿಯಲ್ಲಿ ಮಾತ್ರ ಇರುವ, ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಅದು ಟಾರ್ ರೆಮಾದೇವಿಯೈ ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದರ ಕುಸಿತಕ್ಕಿರುವ ಕಾರಣಗಳಲ್ಲಿ, ಲೋಣಾವಳದಲ್ಲಿ ಕೃತಕವಾಗಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ಕಾವೇರಿಗೆ ಬಿಟ್ಟದ್ದೂ ಒಂದೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಇದು ಬೆಳಕಿಗೆ ಬಂದದ್ದು ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆ ಪುಸ್ತಕಗಳಿಂದ: ನೀಲಿ ರೆಕ್ಕೆಯ ಮೀನಿನ ಸಂಖ್ಯೆ ಏರುತ್ತ ಹೋದಂತೆ ಗೂನುಬೆನ್ನಿನ ಮೀನು ಸಿಗುವುದು ವಿರಳವಾಗುತ್ತ ಹೋಗಿತ್ತು. ಯಾವ ಇಲಾಖೆಯೂ ಬರೆದಿಡದ ಲೆಕ್ಕವನ್ನು ಹವ್ಯಾಸಿಗಳು ಬರೆದಿಟ್ಟಿದ್ದರು.

ಜಲಾಶಯಗಳದ್ದು ಇವೆರಡರ ನಡುವಿನ ಸ್ಥಿತಿ. ಭಾರತದ ದೊಡ್ಡ ಜಲಾಶಯಗಳಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 11 ಕಿಲೋ, ಸಣ್ಣ ಜಲಾಶಯಗಳಲ್ಲಿ ಸುಮಾರು 50 ಕಿಲೋ ಮೀನು ಸಿಗುತ್ತದೆ ಎಂದು ವಿ. ವಿ. ಸುಗುಣನ್ ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ 1995ರಲ್ಲಿ ಬರೆದ ಗ್ರಂಥದಲ್ಲಿ ಲೆಕ್ಕ ಕೊಟ್ಟಿದ್ದರು. ಈ ಕಡಿಮೆ ಇಳುವರಿಗೆ ಒಂದು ಕಾರಣ ಬಿಡುವ ಮರಿಯ ಗಾತ್ರ. ಎರಡೂವರೆ ಸೆಂಟಿಮೀಟರ್ ಉದ್ದದ ಮರಿ ಅಗ್ಗ, ಅದೇ ಹಣಕ್ಕೆ ಹೆಚ್ಚು ಸಂಖ್ಯೆಯಲ್ಲಿ ಬಿಡಬಹುದು, ಆದರೆ ಜಲಾಶಯದ ಕುಚ್ಚು, ಬಾಳೆಯಂತಹ ಬೇಟೆಗಾರ ಮೀನುಗಳಿಗೆ ಅದು ಸುಲಭದ ತುತ್ತು. ಹತ್ತು ಸೆಂಟಿಮೀಟರ್‌ಗೆ ಬೆಳೆಸಿದ ಬಲಿತ ಮರಿಗೆ ಹಲವು ಪಟ್ಟು ಖರ್ಚು ಬಿದ್ದರೂ ಬದುಕುವ ಪ್ರಮಾಣವೂ ಹೆಚ್ಚು. ಸಾಧನೆಯನ್ನು ಬಿಟ್ಟ ಮರಿಗಳ ಸಂಖ್ಯೆಯಿಂದ ಅಳೆಯುವ ಪದ್ಧತಿ ಇರುವವರೆಗೆ ಅಧಿಕಾರಿಗೆ ಸಣ್ಣ ಮರಿಯೇ ಲಾಭದಾಯಕವಾಗಿ ತೋರುತ್ತದೆ. ಹಿಡಿದ ಮೀನಿನ ಕಿಲೋಗೆ ಬಿದ್ದ ವೆಚ್ಚದಿಂದ ಅಳೆದರೆ ದೊಡ್ಡ ಮರಿಯ ಕಡೆ ಲೆಕ್ಕ ವಾಲಬಹುದು. ಅದಕ್ಕೆ ಬೇಕಾದ ದಾಖಲೆಗಳು ಮೂರೇ: ಬಿಟ್ಟ ಮರಿಗಳ ಜಾತಿ, ಗಾತ್ರ ಮತ್ತು ದಿನಾಂಕ; ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರರೋ ಹಿಡಿದ ಮೀನಿನ ಜಾತಿವಾರು ತೂಕ; ಮತ್ತು ಒಂದೆರಡು ವರ್ಷ ಮರಿ ಬಿಡದೆ ಉಳಿಸಿಕೊಂಡ, ಅದೇ ಬಗೆಯ ಕೆಲವು ನೀರುಗಳ ಇಳುವರಿ. ಮೊದಲನೆಯದು ಇಲಾಖೆಯ ಪುಸ್ತಕಗಳಲ್ಲಿ ಬಹುಮಟ್ಟಿಗೆ ಇರುತ್ತದೆ, ಎರಡನೆಯದನ್ನು ಸಂಘದ ದಡದ ತಕ್ಕಡಿಯಲ್ಲೇ ಬರೆದಿಡಬಹುದು. ಮೂರನೆಯದಕ್ಕೆ ಮಾತ್ರ, ಮೊಂಟಾನದಲ್ಲಿ ಆದಂತೆ, ಮೀನು ಬಿಡದೆ ಕಾದು ನೋಡುವ ಧೈರ್ಯ ಬೇಕಾಗುತ್ತದೆ, ಮತ್ತು ಆ ಅವಧಿಯಲ್ಲಿ ಹಿಡುವಳಿ ಕಳೆದುಕೊಳ್ಳುವ ಮೀನುಗಾರ ಕುಟುಂಬಗಳಿಗೆ ಕೊಡಬೇಕಾದ ಪರಿಹಾರವನ್ನು ಪ್ರಯೋಗದ ವೆಚ್ಚದಲ್ಲಿಯೇ ಸೇರಿಸಿಕೊಳ್ಳಬೇಕಾಗುತ್ತದೆ.